ಸ್ಟಾಫರ್ಡ್ ಥರದ ವಿಚಿತ್ರ ಓಪನಿಂಗ್‌ಗಳನ್ನ ಎಂಜಿನ್ ಇಟ್ಕೊಂಡು ಟೆಸ್ಟ್ ಮಾಡೋದು ಹೇಗೆ

ಮೊದ್ಲು ಒಂದು ಚೆಸ್ ಆಟದ ವಿಷ್ಯ ಹೇಳ್ಬಿಡ್ತೀನಿ, ನಾನು ಈ ಕೆಲ್ಸ ಶುರು ಮಾಡಿದ್ದೇ ಅದ್ರಿಂದ. ಒಂದು ಭಾನುವಾರದ ರ‍್ಯಾಪಿಡ್ ಟೂರ್ನಮೆಂಟು, ಮೂರನೇ ರೌಂಡು, ನಂಗೆ ಕಪ್ಪು, ಎದುರಿಗೆ ಎಂಟನೇ ಕ್ಲಾಸ್ ಓದೋ ಹುಡುಗ. ಅವನು 1.ಇ4, ನಾನು ಇ5. 2.ಕುದುರೆ ಎಫ್3, ನಾನೂ ಕುದುರೆ ಎಫ್6. ಅವನು ಇ5 ಪಾನ್ (ಕಾಲಾಳು) ಹೊಡ್ದ, ನಾನು ಕುದುರೆ ಸಿ6 ಅಂತ ಇಟ್ಟೆ. ಇದೇ ಸ್ಟಾಫರ್ಡ್ ಗ್ಯಾಂಬಿಟ್, ಅಂದ್ರೆ ಶುರುವಲ್ಲೇ ಪಾನ್ ಬಲಿ ಕೊಟ್ಟು ಅಟ್ಯಾಕ್ ಹುಡ್ಕೋ ಓಪನಿಂಗ್, ಯೂಟ್ಯೂಬಲ್ಲಿ ಚೆಸ್ ತೋರ್ಸೋ ಎರಿಕ್ ರೋಸೆನ್ ವಿಡಿಯೋ ನೋಡೋರಿಗೆಲ್ಲ ಗೊತ್ತಿರತ್ತೆ. ಆನ್‌ಲೈನ್ ಬ್ಲಿಟ್ಸ್‌ನಲ್ಲಿ (ಮೂರು ಐದು ನಿಮಿಷದ ಆಟ) ಇದ್ರಲ್ಲಿ ಎಂಟ್ಹತ್ತು ನಡೆಲೇ ಎಷ್ಟೋ ಆಟ ಮುಗ್ಸಿದ್ದೆ, ಧೈರ್ಯ ಇತ್ತು. ಹುಡುಗ ಸಿ6 ಕುದುರೆ ಹೊಡ್ದ, ನಾನು ಡಿ ಪಾನಿಂದ ವಾಪಸ್ ಹೊಡ್ದೆ. 5.ಡಿ3, ನಾನು ಒಂಟೆ (ಬಿಷಪ್) ಸಿ5. ಈಗ ಅವನು ಒಂಟೆ ಜಿ5 ಆಡ್ತಾನೆ ಅಂತ ಕಾಯ್ತಾ ಕೂತಿದ್ದೆ. ಅವನು ಒಂದು ನಿಮಿಷ ಬೋರ್ಡ್ ನೋಡಿ ಒಂಟೆ ಇ2 ಇಟ್ಟ. ನಾನು ಎಚ್5, ಅವನು ಸಿ3. ನಾನು ಕುದುರೆ ಜಿ4, ಅವನು ಡಿ4. ಅಲ್ಲಿಗೆ ನನ್ನ ತಯಾರಿ ಖಾಲಿ. ಪಾನ್ ಒಂದು ಕಮ್ಮಿ, ಸೆಂಟರ್ ಪೂರ್ತಿ ಅವನ್ದು, ಸಿ5 ಒಂಟೆ ಮೇಲೆ ಏಟು ಬಿದ್ದಿದೆ, ಮುಂದೆ ಏನ್ ಆಡ್ಬೇಕು ಅಂತ ಒಂದೇ ಒಂದು ಐಡಿಯಾ ನನ್ನ ತಲೇಲಿ ಇರ್ಲಿಲ್ಲ.

ಮನೆಗೆ ಬಂದು ಯೋಚ್ನೆ ಮಾಡ್ದಾಗ ಗೊತ್ತಾಗಿದ್ದು ಇಷ್ಟು, ನಾನು ಈ ಓಪನಿಂಗನ್ನ ಎಂಜಿನ್‌ಗೆ ತೋರ್ಸಿದ್ದೆ, ಆದ್ರೆ ಟೆಸ್ಟ್ ಮಾಡಿರ್ಲಿಲ್ಲ. ಸ್ಟಾಕ್‌ಫಿಶ್ ಅನ್ನೋ ಎಂಜಿನ್ (ಪೊಸಿಷನ್ ನೋಡಿ ಒಳ್ಳೇ ನಡೆ ಲೆಕ್ಕ ಹಾಕೋ ಚೆಸ್ ಪ್ರೋಗ್ರಾಮು) ಆನ್ ಮಾಡಿ ಬಿಳಿಗೆ ದೊಡ್ಡ ಪ್ಲಸ್, ಅಂದ್ರೆ ಬಿಳಿ ತುಂಬಾ ಮುಂದೆ, ಅಂತ ನೋಡಿ, "ಎಂಜಿನ್ ಥರ ಯಾರು ಆಡ್ತಾರೆ ಬಿಡಿ" ಅಂತ ಕ್ಲೋಸ್ ಮಾಡಿದ್ದೆ. ಇನ್ನು ಕೆಲವರು ಅದೇ ಪ್ಲಸ್ ನೋಡಿ "ಇದು ಕಸ" ಅಂತ ಕ್ಲೋಸ್ ಮಾಡ್ತಾರೆ. ಎರಡೂ ಕಡೆ ಆಗೋದು ಒಂದೇ ತಪ್ಪು, ನಂಬರ್ ನೋಡಿ ಎದ್ದು ಹೋಗೋದು. ಒಂದು ವಿಚಿತ್ರ ಓಪನಿಂಗ್ ಬಗ್ಗೆ ನಮ್ಗೆ ನಿಜವಾಗ್ಲೂ ಗೊತ್ತಾಗ್ಬೇಕಿರೋದು ಮೂರು ವಿಷ್ಯ: ಇದಕ್ಕೆ ನಾನು ಕೊಡೋ ಬೆಲೆ ಎಷ್ಟು, ಎದುರಿನವ್ರಿಗೆ ಸರಿಯಾದ ಉತ್ತರ ಹುಡ್ಕೋದು ಎಷ್ಟು ಕಷ್ಟ, ಅವರು ಹುಡ್ಕೇಬಿಟ್ರೆ ನನ್ನ ಕೈಲಿ ಏನ್ ಉಳಿಯತ್ತೆ. ಮೊದಲನೇದು ಮಾತ್ರ ಎಂಜಿನ್ ತಾನಾಗೇ ಹೇಳತ್ತೆ. ಮಿಕ್ಕಿದ್ದೆರಡು ನಾವು ಅದ್ರ ಬಾಯಿಂದ ಬಿಡಿಸ್ಬೇಕು.

(ಚೌಕಗಳ ಹೆಸರನ್ನ ಕನ್ನಡ ಅಕ್ಷರದಲ್ಲೇ ಬರೀತಿದ್ದೀನಿ, ಎ ಇಂದ ಎಚ್ ತನಕ. ಒಂಟೆ ಅಂದ್ರೆ ಬಿಷಪ್, ಆನೆ ಅಂದ್ರೆ ರೂಕ್, ನಾನು ಮನೇಲಿ ಕಲ್ತಿದ್ದು ಹಾಗೇ.)

ಏನೇನ್ ಬೇಕು

ಫೋನ್ ಒಂದಿದ್ರೂ ಶುರು ಮಾಡ್ಬಹುದು. ಲೀಚೆಸ್ ಅನ್ನೋದು ಚೆಸ್ ಆಡೋ ವೆಬ್‌ಸೈಟು. ಲೀಚೆಸ್‌ನ ಅನಾಲಿಸಿಸ್ ಬೋರ್ಡ್ ಪೂರ್ತಿ ಫ್ರೀ, ಅದ್ರೊಳಗೇ ಸ್ಟಾಕ್‌ಫಿಶ್ ಇದೆ, ಪಕ್ಕದಲ್ಲೇ ಜನ ಯಾವ ನಡೆ ಎಷ್ಟು ಸಲ ಆಡಿದ್ದಾರೆ ಅಂತ ತೋರ್ಸೋ ಓಪನಿಂಗ್ ಎಕ್ಸ್‌ಪ್ಲೋರರ್ ಕೂಡ ಇದೆ. ಆದ್ರೆ ಫೋನಲ್ಲಿ ಜಾಸ್ತಿ ಹೊತ್ತು ಓಡಿಸಿದ್ರೆ ಬಿಸಿ ಆಗತ್ತೆ, ಬ್ಯಾಟರಿ ಇಳಿಯತ್ತೆ, ಡೆಪ್ತ್ (ಎಂಜಿನ್ ಎಷ್ಟು ನಡೆ ಮುಂದೆ ನೋಡ್ತು ಅನ್ನೋದು) ನಿಧಾನಕ್ಕೆ ಏರತ್ತೆ, ಹಾಗಾಗಿ ಲ್ಯಾಪ್‌ಟಾಪ್ ಇದ್ರೆ ಸ್ಟಾಕ್‌ಫಿಶ್ ವೆಬ್‌ಸೈಟಿಂದ ಎಂಜಿನ್ ಇಳಿಸ್ಕೊಂಡು ಎನ್ ಕ್ರೊಸಾಂಟ್, ಅರೀನಾ, ನಿಬ್ಲರ್ ಇಂಥ ಯಾವ್ದಾದ್ರೂ ಫ್ರೀ ಪ್ರೋಗ್ರಾಮ್ ಒಳಗೆ ಹಾಕ್ಕೊಳ್ಳಿ. ಸ್ಟಾಕ್‌ಫಿಶ್ ಬರೀ ಎಂಜಿನ್ನು, ಅದಕ್ಕೆ ಬೋರ್ಡ್ ಇಲ್ಲ, ಡಬಲ್ ಕ್ಲಿಕ್ ಮಾಡಿದ್ರೆ ಕಪ್ಪು ಕಿಟಕಿ ಬಂದು ಸುಮ್ನೆ ನಿಲ್ಲತ್ತೆ, ಹಾಳಾಗಿದೆ ಅಂದ್ಕೊಬೇಡಿ. ಇಳಿಸೋವಾಗ ನಿಮ್ಮ ಪ್ರೊಸೆಸರ್‌ಗೆ ಹೊಂದೋ ಫೈಲನ್ನೇ ತಗೊಳ್ಳಿ, ಹಳೇ ಮಶೀನಿಗೆ ಎವಿಎಕ್ಸ್2 ಫೈಲ್ ಹಾಕಿದ್ರೆ ಓಪನ್ನೇ ಆಗ್ದೆ ಇರ್ಬಹುದು.

ಸೆಟ್ಟಿಂಗ್ ಮೂರೇ ಮುಖ್ಯ. ಥ್ರೆಡ್ಸ್ ಅನ್ನೋದನ್ನ ನಿಮ್ಮ ಕೋರ್‌ಗಳಿಗಿಂತ ಒಂದು ಕಮ್ಮಿ ಇಡಿ, ಇಲ್ಲಾಂದ್ರೆ ಮಶೀನ್ ಪೂರ್ತಿ ಜಾಮ್ ಆಗತ್ತೆ. ಹ್ಯಾಶ್ ಅಂದ್ರೆ ಎಂಜಿನ್ನಿನ ನೆನಪಿನ ಜಾಗ, ನಿಮ್ಮ ರ‍್ಯಾಮ್‌ನಲ್ಲಿ ಕಾಲು ಭಾಗ ಕೊಟ್ರೆ ಸಾಕು. ಮೂರನೇದು ಲೈನ್ಸ್, ಕೆಲವು ಕಡೆ ಮಲ್ಟಿಪಿವಿ ಅಂತಿರತ್ತೆ, ಅಂದ್ರೆ ಒಂದೇ ಸಲಕ್ಕೆ ಎಷ್ಟು ನಡೆ ತೋರಿಸ್ಬೇಕು ಅನ್ನೋದು. ಇದನ್ನ 5 ಮಾಡಿ. ನಮ್ಮ ಟೆಸ್ಟೆಲ್ಲ ನಿಂತಿರೋದು ಇದ್ರ ಮೇಲೆ. ಐದು ಲೈನ್ ಕೇಳಿದ್ರೆ ಡೆಪ್ತ್ ನಿಧಾನ ಆಗತ್ತೆ, ಆಗ್ಲಿ, ಕಾಯೋಣ.

ನಂಬರ್ ಅಂದ್ರೆ ಏನು

ಪ್ಲಸ್ ಒಂದು ಅಂದ್ರೆ ಒಂದು ಪಾನ್ ಜಾಸ್ತಿ ಅಂತ ನಾವೆಲ್ಲ ಕಲ್ತಿರೋದು. ಸ್ಟಾಕ್‌ಫಿಶ್‌ನಲ್ಲಿ ಈಗ ಅದು ಹಾಗಿಲ್ಲ. 2022ರ ಕೊನೆಗೆ ಬಂದ 15.1 ವರ್ಷನ್ನಿಂದ ಪ್ಲಸ್ 1.00 ಅಂದ್ರೆ, ಎರಡೂ ಕಡೆ ಎಂಜಿನ್ನೇ ಆಡಿದ್ರೆ ಆ ಕಡೆಯವರು ಗೆಲ್ಲೋ ಸಾಧ್ಯತೆ ಸುಮಾರು 50 ಪರ್ಸೆಂಟ್ ಅಂತ ಅರ್ಥ, ಮಿಕ್ಕಿದ್ದು ಹೆಚ್ಚುಕಮ್ಮಿ ಡ್ರಾ. ಅಂದ್ರೆ ನಿಮ್ಮ ಗ್ಯಾಂಬಿಟ್‌ಗೆ ಎಂಜಿನ್ ಎದುರಾಳಿಗೆ ಪ್ಲಸ್ 0.6 ಕೊಟ್ರೆ, ಎಂಜಿನ್ ಕೈಲೇ ಅದು ಜಾಸ್ತಿ ಸಲ ಡ್ರಾ ಆಗೋ ಪೊಸಿಷನ್ನು. ನಮ್ಮಂಥ ಕ್ಲಬ್ ಲೆವೆಲ್‌ನವರ ಮಧ್ಯೆ 0.6 ಏನೂ ಅಲ್ಲ, ಮುಂದಿನ ಹತ್ತು ನಡೆಲಿ ಇಬ್ರೂ ಸೇರಿ ಅದಕ್ಕಿಂತ ದೊಡ್ಡ ತಪ್ಪು ಮಾಡೇ ಮಾಡ್ತೀವಿ. ಆದ್ರೆ ಎರಡರ ಹತ್ರ ಹೋದ್ರೆ ಮಾತು ಬೇರೆ, ಆಮೇಲೆ ನೀವು ಎದುರಾಳಿಯ ತಪ್ಪಿನ ಮೇಲೇ ಬದುಕ್ಬೇಕು.

ಒಂದು ಅಂದಾಜಿಗೆ: ಶುರುವಿನ ಪೊಸಿಷನ್ನಲ್ಲಿ ಬಿಳಿಗೆ ಚೂರು ಪ್ಲಸ್ ಇರತ್ತೆ. 1.ಬಿ4 ಆಡಿದ್ರೆ ಅದು ಕರಗಿ ಕಪ್ಪಿಗೆ ಸ್ವಲ್ಪ ವಾಲತ್ತೆ, ಅಷ್ಟೇ, ಆರಾಮಾಗಿ ಆಡ್ಬಹುದು. ಟಾರ್ಟಾಕೋವರ್ ಅನ್ನೋ ಗ್ರ್ಯಾಂಡ್‌ಮಾಸ್ಟರ್ 1924ರಲ್ಲಿ ನ್ಯೂಯಾರ್ಕ್‌ನಲ್ಲಿ ಮರೋಚಿ ಎದುರಿಗೇ ಇದನ್ನ ಆಡಿದ್ರು. 1.ಜಿ4 ಆಡಿದ್ರೆ ಒಂದೇ ನಡೆಗೆ ಒಂದರ ಆಚೆ ಮೈನಸ್. ಸ್ಟಾಫರ್ಡ್‌ನಲ್ಲಿ ನಾಲ್ಕನೇ ನಡೆ ಆದ್ಮೇಲೆ ಬಿಳಿಗೆ ಒಂದೂವರೆ ದಾಟಿ ಎರಡರ ಕಡೆ ಹೋಗತ್ತೆ. ಎಂಜಿನ್ ವರ್ಷನ್, ಡೆಪ್ತ್ ಮೇಲೆ ಆ ಕಡೆ ಈ ಕಡೆ ಆಗತ್ತೆ, ಹಾಗಾಗಿ ಪಾಯಿಂಟ್ ಆದ್ಮೇಲಿನ ಎರಡನೇ ಅಂಕಿಗೆಲ್ಲ ತಲೆ ಕೆಡಿಸ್ಕೊಬೇಡಿ.

ಇನ್ನೊಂದು ವಿಷ್ಯ, ಮೊದಲ ನಂಬರನ್ನ ನಂಬ್ಬೇಡಿ. ಲೀಚೆಸ್‌ನಲ್ಲಿ ಎಷ್ಟೋ ಪೊಸಿಷನ್ನಿಗೆ ಕ್ಲೌಡ್ ಅಂತ ಬರೆದು ರೆಡಿ ನಂಬರ್ ಬರತ್ತೆ, ಅದು ಯಾರೋ ಮುಂಚೆ ಓಡ್ಸಿದ್ದು, ಒಳ್ಳೇದೇ, ಆದ್ರೆ ವಿಚಿತ್ರ ಓಪನಿಂಗಲ್ಲಿ ಎರಡು ನಡೆ ಮುಂದೆ ಹೋದ್ರೆ ಕ್ಲೌಡ್ ಇರಲ್ಲ, ನಿಮ್ಮ ಮಶೀನೇ ಯೋಚ್ನೆ ಮಾಡ್ಬೇಕು. ಆಗ ನಾನ್ ಮಾಡೋದು ಹೀಗೆ, ಎಂಜಿನ್ ತೋರ್ಸೋ ಮೊದಲ ಲೈನಲ್ಲೇ ಹತ್ತು ಹನ್ನೆರಡು ನಡೆ ಮುಂದೆ ಹೋಗ್ತೀನಿ, ಅಲ್ಲಿ ಒಂದೆರಡು ನಿಮಿಷ ಬಿಡ್ತೀನಿ, ಆಮೇಲೆ ಒಂದೊಂದೇ ನಡೆ ಹಿಂದಕ್ಕೆ ಬರ್ತಾ ಪ್ರತಿ ಕಡೆ ಸ್ವಲ್ಪ ಹೊತ್ತು ನಿಲ್ತೀನಿ. ಮುಂದೆ ನೋಡಿದ್ದು ಹ್ಯಾಶಲ್ಲಿ ಉಳ್ಕೊಂಡಿರತ್ತಲ್ಲ, ಹಿಂದೆ ಬರೋವಾಗ ಎಂಜಿನ್ನಿಗೆ ಅದು ಗೊತ್ತಿರತ್ತೆ, ಎಷ್ಟೋ ಸಲ ವಾಪಸ್ ಬರೋಷ್ಟ್ರಲ್ಲಿ ಮೊದಲು ಹೇಳಿದ ನಂಬರೇ ಬದಲಾಗಿರತ್ತೆ. ಬಲಿ ಕೊಡೋ ಓಪನಿಂಗ್‌ಗಳಲ್ಲಿ ಇದು ತುಂಬಾ ಆಗತ್ತೆ, ಯಾಕಂದ್ರೆ ಅಟ್ಯಾಕ್ ನಿಜವಾಗ್ಲೂ ಇದ್ಯಾ ಇಲ್ವಾ ಅನ್ನೋದು ಹತ್ತು ಹದಿನೈದು ನಡೆ ಆಚೆ ಗೊತ್ತಾಗೋದು.

ಐದು ಲೈನ್ ಓದೋದು

ಈಗ ಮುಖ್ಯ ಕೆಲ್ಸಕ್ಕೆ ಬರೋಣ. ಸ್ಟಾಫರ್ಡ್‌ನಲ್ಲಿ 4...ಡಿ ಪಾನಿಂದ ಸಿ6 ಹೊಡ್ದ ಪೊಸಿಷನ್ ಇಡಿ, ಐದು ಲೈನ್ ಆನ್ ಮಾಡಿ. ಬಿಳಿದು ನಡೆ. ಕೇಳ್ಬೇಕಾದ ಪ್ರಶ್ನೆ "ಬೆಸ್ಟ್ ಯಾವ್ದು" ಅಂತಲ್ಲ, "ಎಷ್ಟು ನಡೆ ಒಳ್ಳೇವು" ಅಂತ. ಮೊದಲನೇ ಲೈನಿಗೂ ಐದನೇ ಲೈನಿಗೂ ಇರೋ ವ್ಯತ್ಯಾಸ ನೋಡಿ. ಇಲ್ಲಿ ಅದು ಸಣ್ಣದು, ಡಿ3, ಕುದುರೆ ಸಿ3, ಎಫ್3 ಹೀಗೆ ಏನ್ ಆಡಿದ್ರೂ ಬಿಳಿಗೆ ಚೆನ್ನಾಗೇ ಇರತ್ತೆ. ಅಂದ್ರೆ ಈ ಜಾಗದಲ್ಲಿ ನಿಮ್ಮ ಓಪನಿಂಗ್ ಎದುರಿನವ್ರಿಗೆ ಯಾವ ಕಷ್ಟಾನೂ ಕೊಡ್ತಿಲ್ಲ. ಇದನ್ನ ಬರ್ದಿಟ್ಕೊಳ್ಳಿ.

ಮುಂದೆ 5.ಡಿ3 ಒಂಟೆ ಸಿ5. ಮತ್ತೆ ಐದು ಲೈನ್. ಈಗ ನೋಡೋಕೆ ತುಂಬಾ ಸಹಜವಾಗಿರೋ ಒಂದು ನಡೆ ಲಿಸ್ಟಲ್ಲೇ ಇರಲ್ಲ, 6.ಒಂಟೆ ಜಿ5. ಕುದುರೆನ ಪಿನ್ ಮಾಡೋದು (ಅದು ಕದಲಿದ್ರೆ ಹಿಂದಿರೋ ರಾಣಿ ಹೋಗೋ ಥರ ಕಟ್ಟಿಹಾಕೋದು), ಕೋಚ್‌ಗಳು ಮಕ್ಕಳಿಗೆ ಹೇಳ್ಕೊಡೋ ನಡೆ. ಅದನ್ನ ಕೈಯಲ್ಲೇ ಆಡಿ ನೋಡಿ, ನಂಬರ್ ಬಿಳಿ ಕಡೆಯಿಂದ ಕಪ್ಪು ಕಡೆಗೆ ಹಾರತ್ತೆ. ಯಾಕೆ ಅಂತ ಬೋರ್ಡ್ ಮೇಲೇ ನೋಡೋಣ: 6...ಕುದುರೆ ಇ4 ಪಾನ್ ಹೊಡಿಯತ್ತೆ, ರಾಣಿನ ಬಿಟ್ಟು. 7.ಒಂಟೆ ಡಿ8 ರಾಣಿ ಹೊಡೆದ್ರೆ 7...ಒಂಟೆ ಎಫ್2 ಹೊಡೆದು ಚೆಕ್, ರಾಜ ಇ2ಗೆ ಮಾತ್ರ ಹೋಗೋಕಾಗೋದು, 8...ಒಂಟೆ ಜಿ4 ಮೇಟ್. ಎರಡು ಒಂಟೆ ಒಂದು ಕುದುರೆ, ರಾಣಿ ಬೋರ್ಡ್ ಮೇಲೇ ಇಲ್ಲ. 7.ಡಿ ಪಾನಿಂದ ಇ4 ಹೊಡೆದ್ರೆ 7...ಒಂಟೆ ಎಫ್2 ಚೆಕ್, ರಾಜ ಆ ಒಂಟೆ ತಗೊಂಡ್ರೆ ಡಿ ಫೈಲ್ ಖಾಲಿ ಆಗಿರತ್ತಲ್ಲ, ಡಿ1 ರಾಣಿ ಹೋಯ್ತು. ಅತ್ಯುತ್ತಮ ಅಂದ್ರೆ 7.ಒಂಟೆ ಇ3, ಆಗ್ಲೂ ಕಪ್ಪು ಅಲ್ಲಿ ಒಂಟೆ ಬದಲಾಯಿಸ್ಕೊಂಡು ರಾಣಿ ಎಚ್4 ಚೆಕ್ ಕೊಟ್ಟು, ಜಿ3 ಬಂದ್ರೆ ಕುದುರೆಯಿಂದ ಅದನ್ನ ಹೊಡೆದು, ಎಚ್1 ಆನೆ ತಗೋತಾನೆ.

ಹೀಗೆ ಪ್ರತಿ ನಡೆಗೂ ಒಂದು ಸಣ್ಣ ಟಿಪ್ಪಣಿ ಬರೀರಿ: ಇಲ್ಲಿ ಎಷ್ಟು ನಡೆ ಸರಿ, ಸಹಜವಾಗಿ ಕಾಣೋ ನಡೆ ಸರಿನಾ ತಪ್ಪಾ. 5.ಕುದುರೆ ಸಿ3 ಒಂಟೆ ಸಿ5 ಆದ್ಮೇಲೆ 6.ಒಂಟೆ ಸಿ4 ಸಹಜ, ಆದ್ರೆ 6...ಕುದುರೆ ಜಿ4 ಬಂದ್ರೆ ಎಫ್2 ಮೇಲೆ ಎರಡು ಏಟು, ಕ್ಯಾಸಲ್ ಮಾಡ್ಕೊಂಡ್ರೆ (ರಾಜನ್ನ ಮೂಲೆ ಕಡೆ ಸರಿಸಿ ಆನೆನ ಪಕ್ಕಕ್ಕೆ ತಂದ್ರೆ) ರಾಣಿ ಎಚ್4, ಎಚ್2ರಲ್ಲಿ ಮೇಟ್ ಬೆದರಿಕೆ. 5.ಇ5 ಕುದುರೆ ಇ4 ಆದ್ಮೇಲೆ 6.ಡಿ3 ಸಹಜ, ಕುದುರೆ ಓಡಿಸೋಣ ಅಂತ, ಆದ್ರೆ 6...ಒಂಟೆ ಸಿ5 ಬಂತು ಅಂದ್ರೆ ಮತ್ತೆ ಅದೇ ಎಫ್2 ಕಥೆ, ಸರಿಯಾದ ನಡೆ 6.ಡಿ4. ಇಲ್ಲೊಂದು ಸಾಲು ಎಲ್ಲದ್ರಲ್ಲೂ ಕಾಣತ್ತೆ ನೋಡಿ, ಎಲ್ಲ ಟ್ರ್ಯಾಪೂ ಎಫ್2 ಮತ್ತೆ ಡಿ1 ರಾಣಿ ಸುತ್ತಾನೇ. ಲೀಚೆಸ್‌ನಲ್ಲಿ ಕೀಬೋರ್ಡಿನ ಎಕ್ಸ್ ಒತ್ತಿದ್ರೆ ಎದುರಾಳಿಯ ಬೆದರಿಕೆ ಏನು ಅಂತ ತೋರ್ಸತ್ತೆ, ಎಂಜಿನ್ ಯಾಕೆ ಹೀಗ್ ಹೇಳ್ತಿದೆ ಅಂತ ಅರ್ಥ ಆಗ್ದಿದ್ದಾಗ ನಾನು ಮೊದ್ಲು ಒತ್ತೋದೇ ಅದು.

ಆಮೇಲೆ ಅಸಲಿ ಉತ್ತರ, 6.ಒಂಟೆ ಇ2. ಅದು ಏನ್ ಮಾಡತ್ತೆ ಅಂದ್ರೆ ಜಿ4 ಚೌಕ ಕಾಯತ್ತೆ, ರಾಜನ ಮುಂದೆ ನಿಂತು ಕ್ಯಾಸಲ್‌ಗೆ ದಾರಿ ಬಿಡತ್ತೆ. 6...ಎಚ್5 7.ಸಿ3 ಕುದುರೆ ಜಿ4 8.ಡಿ4. ಇಷ್ಟೇ ಪೂರ್ತಿ ಉತ್ತರ. ಇದ್ರಲ್ಲಿ ಒಂದೂ ಕಂಪ್ಯೂಟರ್ ಥರದ ನಡೆ ಇಲ್ಲ, ಎಲ್ಲ ಡೆವಲಪ್ ಮಾಡೋದು, ಸೆಂಟರ್ ಕಟ್ಟೋದು, ಎಂಟನೇ ಕ್ಲಾಸ್ ಹುಡುಗನೂ ಬೋರ್ಡ್ ಮೇಲೆ ಹುಡುಕ್ಬಹುದಾದ್ದು. ಇದೇ ನನ್ನ ಪ್ರಕಾರ ಟೆಸ್ಟಿನ ದೊಡ್ಡ ಅಳತೆ. ಉತ್ತರ ವಿಚಿತ್ರವಾಗಿದ್ರೆ, ಅಂದ್ರೆ ರಾಜನ್ನ ನಡಿಸ್ಬೇಕು, ಬಂದ ಪೀಸ್ ವಾಪಸ್ ಕೊಡ್ಬೇಕು, ಅಂಥದ್ದಿದ್ರೆ ಓಪನಿಂಗ್‌ಗೆ ಹಲ್ಲಿದೆ. ಹ್ಯಾಲೋವೀನ್ ಗ್ಯಾಂಬಿಟ್ ಅಂಥದ್ದು: 1.ಇ4 ಇ5 2.ಕುದುರೆ ಎಫ್3 ಕುದುರೆ ಸಿ6 3.ಕುದುರೆ ಸಿ3 ಕುದುರೆ ಎಫ್6 4.ಕುದುರೆಯಿಂದ ಇ5 ಹೊಡೆಯೋದು, ಇಡೀ ಕುದುರೆನೇ ಬಲಿ. 4...ಕುದುರೆ ಅದನ್ನ ಹೊಡೆದು 5.ಡಿ4 ಕುದುರೆ ಜಿ6 6.ಇ5 ಕುದುರೆ ಜಿ8 7.ಒಂಟೆ ಸಿ4 ಆದಾಗ ಕಪ್ಪಿಗೆ ಒಳ್ಳೇ ದಾರಿ 7...ಡಿ5 ಅಂತ ಪಾನ್ ವಾಪಸ್ ಕೊಟ್ಟು, ಒಂಟೆ ತಗೊಂಡ್ರೆ ಸಿ6 ಅಂತ ಅದನ್ನ ಓಡ್ಸೋದು. ಬರೀ ಪಾನಲ್ಲಿ ಅಳೆದ್ರೆ ಸ್ಟಾಫರ್ಡ್‌ಗಿಂತ ಇಲ್ಲಿ ಜಾಸ್ತಿ ಕೊಟ್ಟಿದ್ದೀವಿ, ಆದ್ರೆ ಗಡಿಯಾರ ಓಡ್ತಿರೋವಾಗ ಎರಡೂ ಕುದುರೆ ಜಿ6ಲಿ ಜಿ8ಲಿ ಕೂತಿರೋ ಕಪ್ಪಿನವ್ರಿಗೆ ಡಿ5 ಕಾಣೋದು ಸುಲಭ ಅಲ್ಲ.

ಜನ ಏನ್ ಆಡ್ತಾರೆ

ಎಂಜಿನ್ ಹೇಳೋದು ಏನ್ ಆಡ್ಬೇಕು ಅಂತ. ಏನ್ ಆಡ್ತಾರೆ ಅಂತ ತಿಳಿಯೋಕೆ ಎಕ್ಸ್‌ಪ್ಲೋರರ್ ಬೇಕು. ಅದ್ರಲ್ಲಿ ಮಾಸ್ಟರ್ಸ್ ಬಿಟ್ಟು ಲೀಚೆಸ್ ಅನ್ನೋ ಟ್ಯಾಬ್‌ಗೆ ಹೋಗಿ, ಗೇರ್ ಗುರುತು ಒತ್ತಿ, ನಿಮ್ಮ ರೇಟಿಂಗ್ ಗುಂಪು ಮತ್ತೆ ನೀವು ಆಡೋ ಟೈಮ್ ಕಂಟ್ರೋಲ್ ಮಾತ್ರ ಇಟ್ಕೊಳ್ಳಿ. 1600ರವರು 2200ರವರ ಲೆಕ್ಕ ನೋಡಿದ್ರೆ ಉಪಯೋಗ ಇಲ್ಲ, ಬುಲೆಟ್ (ಒಂದೆರಡು ನಿಮಿಷದ) ಆಟ ಸೇರಿಸ್ಕೊಂಡ್ರಂತೂ ಪೂರ್ತಿ ದಾರಿ ತಪ್ಪಿಸತ್ತೆ.

ಇಲ್ಲಿ ಒಂದು ಸಣ್ಣ ಗುಣಾಕಾರ ಮಾಡಿ. ಸುಮ್ನೆ ಉದಾಹರಣೆಗೆ ಹೇಳ್ತೀನಿ, ನೀವು ನಿಮ್ಮ ನಿಜವಾದ ಅಂಕಿ ಹಾಕಿ: ಹತ್ತು ಜನರಲ್ಲಿ ಮೂರು ಜನ ಡಿ3 ಆಡ್ತಾರೆ, ಆ ಡಿ3 ಆಡಿದ ಹತ್ತು ಜನರಲ್ಲಿ ಒಬ್ರು ಒಂಟೆ ಜಿ5 ಆಡ್ತಾರೆ ಅಂದ್ಕೊಳ್ಳಿ, ಹಾಗಾದ್ರೆ ಆ ಚಂದದ ಮೇಟ್ ಟ್ರ್ಯಾಪ್ ಬರೋದು ನೂರು ಆಟಕ್ಕೆ ಮೂರು ಸಲ. ಅದೂ ಎದುರಿನವರು ಇ5 ಪಾನ್ ಹೊಡೆದ್ರೆ. ಎಷ್ಟೋ ಜನ ಮೂರನೇ ನಡೆಗೆ ಹೊಡಿಯೋದೇ ಇಲ್ಲ, ಕುದುರೆ ಸಿ3 ಅಂತಲೋ ಡಿ4 ಅಂತಲೋ ಬೇರೆ ದಾರಿ ಹಿಡೀತಾರೆ, ಅದಕ್ಕೂ ನೀವು ತಯಾರಿ ಮಾಡ್ಕೊಂಡಿರ್ಬೇಕು. ವಿಡಿಯೋ ನೋಡಿದಾಗ ಟ್ರ್ಯಾಪ್ ದಿನಾ ಬರೋ ಥರ ಅನ್ಸತ್ತೆ, ಲೆಕ್ಕ ಹಾಕಿದ್ರೆ ಹಾಗಿರಲ್ಲ. ಹಾಗಾಗಿ ಒಂದು ಟ್ರ್ಯಾಪ್ ನೋಡಿ ಓಪನಿಂಗ್ ಆರಿಸ್ಬೇಡಿ, ಎಲ್ಲ ಕವಲಲ್ಲೂ ಸಹಜ ನಡೆಗಳು ತಪ್ಪಾಗೋ ಓಪನಿಂಗ್ ಆರಿಸಿ. ಈ ವಿಷ್ಯದಲ್ಲಿ ಸ್ಟಾಫರ್ಡ್‌ಗೆ ಒಳ್ಳೇ ಮಾರ್ಕ್ಸೇ ಕೊಡ್ಬೇಕು, ಮೂರು ನಾಲ್ಕು ಕವಲಲ್ಲೂ ಏನೋ ಒಂದು ಇದೆ.

ಎಕ್ಸ್‌ಪ್ಲೋರರ್‌ನ ಗೆಲುವಿನ ಪರ್ಸೆಂಟ್ ನೋಡೋವಾಗ ಎಚ್ಚರ. ವಿಚಿತ್ರ ಓಪನಿಂಗ್ ಆಡೋರು ಅದ್ರಲ್ಲಿ ಪಳಗಿದವರು, ಎದುರಿನವರು ಮೊದಲ ಸಲ ನೋಡ್ತಿರೋರು, ಆ ಪರ್ಸೆಂಟಲ್ಲಿ ಓಪನಿಂಗಿನ ಗುಣದ ಜೊತೆ ಅವರ ಅಭ್ಯಾಸನೂ ಸೇರಿದೆ. ಆಟಗಳ ಸಂಖ್ಯೆ ನೂರಕ್ಕಿಂತ ಕಮ್ಮಿ ಇರೋ ಕವಲಿನ ಪರ್ಸೆಂಟನ್ನ ನಾನು ನೋಡೋದೇ ಇಲ್ಲ.

ಮನುಷ್ಯನ ಥರ ಆಡೋ ಎದುರಾಳಿ

ಸ್ಟಾಕ್‌ಫಿಶ್‌ಗೆ ಇಲೋ (ಆಟದ ಬಲದ ರೇಟಿಂಗ್) ಕಮ್ಮಿ ಮಾಡೋ ಆಪ್ಷನ್ ಇದೆ, ಸುಮಾರು 1300 ತನಕ ಇಳಿಸ್ಬಹುದು. ಆದ್ರೆ ಅದು ತಪ್ಪು ಮಾಡೋ ರೀತಿ ನಮ್ಮ ಥರ ಇರಲ್ಲ, ಹತ್ತು ನಡೆ ಗ್ರ್ಯಾಂಡ್‌ಮಾಸ್ಟರ್ ಥರ ಆಡಿ ಹನ್ನೊಂದನೇದ್ರಲ್ಲಿ ಸುಮ್ನೆ ಒಂದು ಪೀಸ್ ಬಿಟ್ಬಿಡತ್ತೆ. ಓಪನಿಂಗ್ ಟೆಸ್ಟಿಗೆ ಇದ್ರಿಂದ ಪ್ರಯೋಜನ ಕಮ್ಮಿ. ಇದಕ್ಕೆ ಸರಿಯಾಗಿರೋದು ಮಾಯಾ ಅನ್ನೋ ನ್ಯೂರಲ್ ನೆಟ್‌ವರ್ಕು. ಅದು ಬೆಸ್ಟ್ ನಡೆ ಹುಡ್ಕೋಕೆ ತಯಾರಾಗಿದ್ದಲ್ಲ, ಲೀಚೆಸ್‌ನಲ್ಲಿ ಜನ ಆಡಿರೋ ಆಟಗಳನ್ನ ಕಲಿತು ಈ ರೇಟಿಂಗ್‌ನವರು ಇಲ್ಲಿ ಏನ್ ಆಡ್ತಾರೆ ಅಂತ ಊಹೆ ಮಾಡೋಕೆ ಮಾಡಿದ್ದು, 1100 ಇಂದ 1900 ತನಕ ಬೇರೆ ಬೇರೆ ಲೆವೆಲ್ ಇದೆ. ಲೀಚೆಸ್‌ನಲ್ಲೇ ಮಾಯಾ1, ಮಾಯಾ5, ಮಾಯಾ9 ಅಂತ ಬಾಟ್‌ಗಳಿವೆ, 1100, 1500, 1900ರ ಲೆವೆಲ್ಲಿಗೆ, ನೇರ ಚಾಲೆಂಜ್ ಕಳಿಸ್ಬಹುದು. ನಿಮ್ಮ ಲ್ಯಾಪ್‌ಟಾಪಲ್ಲೇ ಬೇಕು ಅಂದ್ರೆ ಲೀಲಾ ಚೆಸ್ ಝೀರೋ ಅನ್ನೋ ಫ್ರೀ ಎಂಜಿನ್ ಇಳಿಸಿ ಅದಕ್ಕೆ ಮಾಯಾದ ಫೈಲ್ ಹಾಕಿ ನೋಡ್ಸ್ (ಎಂಜಿನ್ ಲೆಕ್ಕ ಹಾಕೋ ಪೊಸಿಷನ್ನುಗಳ ಸಂಖ್ಯೆ) ಅನ್ನೋದನ್ನ 1 ಮಾಡಿ, ಒಂದೇ ನೋಡ್ ಆಗಿರೋದ್ರಿಂದ ಗ್ರಾಫಿಕ್ಸ್ ಕಾರ್ಡ್ ಏನೂ ಬೇಡ. ಜಾಸ್ತಿ ನೋಡ್ಸ್ ಕೊಟ್ರೆ ಅದು ಯೋಚ್ನೆ ಮಾಡೋಕೆ ಶುರು ಮಾಡತ್ತೆ, ಮನುಷ್ಯನ ಥರ ಇರೋದು ಹೋಗತ್ತೆ, ಇದನ್ನ ಮರೀಬೇಡಿ.

ನಿಮ್ಮ ಗ್ಯಾಂಬಿಟ್ ಪೊಸಿಷನ್ ಇಟ್ಟು ಮಾಯಾ ಹತ್ರ ಇಪ್ಪತ್ತು ಆಟ ಆಡಿ. ಗೆದ್ದಿದ್ದು ಸೋತಿದ್ದಕ್ಕಿಂತ, ಅದು ಯಾವ ನಡೆಲಿ ನಿಮ್ಮ ನೋಟ್ಸ್ ಬಿಟ್ಟು ಹೊರಗೆ ಹೋಯ್ತು ಅಂತ ಗುರುತು ಹಾಕಿ. ಎಂಜಿನ್ನಿನ ಐದು ಲೈನಲ್ಲಿ ಇಲ್ದೆ ಇರೋ, ಎಷ್ಟೋ ಸಲ ಕೆಟ್ಟದೇ ಆಗಿರೋ ನಡೆಗಳು ಬರ್ತವೆ, ಬೋರ್ಡ್ ಮೇಲೆ ನಿಮಗೆ ಬರೋದೂ ಅವೇ. ಆ ಕೆಟ್ಟ ನಡೆಗೆ ಶಿಕ್ಷೆ ಏನು ಅಂತ ಆಮೇಲೆ ಸ್ಟಾಕ್‌ಫಿಶ್‌ನ ಕೇಳಿ ಬರ್ಕೊಳ್ಳಿ.

ಉತ್ತರ ಸಿಕ್ಕಿದ್ಮೇಲೆ

ನಾನು ಬಿಟ್ಟಿದ್ದ ಭಾಗ ಇದೇ, ಅದಕ್ಕೇ ಒತ್ತಿ ಹೇಳ್ತಿದ್ದೀನಿ. ಎದುರಾಳಿ ಬೆಸ್ಟ್ ಆಡಿದ ಪೊಸಿಷನ್ನೇ, ನಮ್ಮ ಉದಾಹರಣೆಲಿ 8.ಡಿ4 ಆದ ಪೊಸಿಷನ್, ಬೋರ್ಡ್ ಮೇಲೆ ಇಡಿ. ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ನೀವೇ ಕೂತು ಏನ್ ಆಡ್ತೀನಿ ಅಂತ ಬರೀರಿ. ಆಮೇಲೆ ಆನ್ ಮಾಡಿ, ಈ ಸಲ ನಿಮ್ಮ ಕಡೆಯ ಐದು ಲೈನ್ ನೋಡಿ. ನಂತರ ಅನಾಲಿಸಿಸ್ ಬೋರ್ಡಿಂದಲೇ ಇಲ್ಲಿಂದ ಮುಂದುವರಿಸು ಅನ್ನೋ ಆಪ್ಷನ್ ತಗೊಂಡು ಕಂಪ್ಯೂಟರ್ ಎದುರು ಸಣ್ಣ ಲೆವೆಲ್ಲಲ್ಲಿ ಆಡಿ. ನಿಮ್ಮನ್ನ ನೀವು ಕೇಳ್ಕೊಬೇಕಾದ್ದು, ನಂಗೆ ಇಲ್ಲಿ ಆಡೋಕೆ ಏನಾದ್ರೂ ಇದ್ಯಾ? ಓಪನ್ ಫೈಲ್, ಅಟ್ಯಾಕಿಗೆ ಪೀಸು, ಎದುರಾಳಿ ರಾಜನ ಸುತ್ತ ದುರ್ಬಲ ಚೌಕ, ಏನಾದ್ರೂ? ಇದ್ರೆ ಮೈನಸ್ ಒಂದೂವರೆ ಆದ್ರೂ ಬ್ಲಿಟ್ಸ್‌ನಲ್ಲಿ ನಡೆಯತ್ತೆ. ಕಾಯೋದು ಬಿಟ್ಟು ಬೇರೇನೂ ಕೆಲ್ಸ ಇಲ್ಲ, ಪಾನೂ ಕಮ್ಮಿ ಅಂದ್ರೆ, ಆ ಓಪನಿಂಗನ್ನ ಒಂದು ಗಂಟೆ ಕೊಡೋ ಆಟದಲ್ಲಿ ಆಡ್ಬೇಡಿ.

ಎಲ್ಲ ಮೈನಸ್ಸೂ ಒಂದೇ ಅಲ್ಲ

ಸ್ಟಾಫರ್ಡ್, ಹ್ಯಾಲೋವೀನ್, ಎಂಗ್ಲುಂಡ್ ಗ್ಯಾಂಬಿಟ್ (1.ಡಿ4ಗೆ ಇ5) ಇವೆಲ್ಲ ಪೀಸು ಪಾನು ಕೊಟ್ಟು ಬರೋ ಮೈನಸ್. ಇನ್ನೊಂದು ಜಾತಿ ಇದೆ, ಜಾಗ ಬಿಟ್ಟುಕೊಟ್ಟು ಬರೋ ಮೈನಸ್. ಹಿಪ್ಪೋ ಇದಕ್ಕೆ ಒಳ್ಳೇ ಉದಾಹರಣೆ, ಕಪ್ಪು ಎ6, ಬಿ6, ಡಿ6, ಇ6, ಜಿ6, ಎಚ್6 ಅಂತ ಪಾನ್‌ಗಳನ್ನ ಒಂದೊಂದೇ ಚೌಕ ಇಟ್ಟು, ಒಂಟೆಗಳನ್ನ ಬಿ7, ಜಿ7ರಲ್ಲಿ, ಕುದುರೆಗಳನ್ನ ಡಿ7, ಇ7ರಲ್ಲಿ ಕೂರಿಸೋದು. ಎಂಜಿನ್ ಇದಕ್ಕೆ ಬಿಳಿಗೆ ಚೆನ್ನಾಗೇ ಪ್ಲಸ್ ಕೊಡತ್ತೆ. ಆದ್ರೆ ಐದು ಲೈನ್ ಹಾಕಿ ನೋಡಿ, ಐದೂ ಹತ್ತಿರ ಹತ್ತಿರ ಒಂದೇ ನಂಬರು. ಅಂದ್ರೆ ಬಿಳಿಗೆ ತಪ್ಪು ಮಾಡೋ ಅಪಾಯನೂ ಇಲ್ಲ, ಒಂದೇಟಿಗೆ ಮುಗ್ಸೋ ದಾರಿನೂ ಇಲ್ಲ. ಸ್ಪಾಸ್ಕಿ 1966ರ ವಿಶ್ವ ಚಾಂಪಿಯನ್‌ಶಿಪ್ ಮ್ಯಾಚಲ್ಲಿ ಪೆಟ್ರೋಸಿಯನ್ ಎದುರು ಕಪ್ಪಲ್ಲಿ ಈ ಸೆಟಪ್ ಎರಡು ಸಲ ಆಡಿ ಎರಡೂ ಡ್ರಾ ಮಾಡ್ಕೊಂಡ್ರು. ಇಂಗ್ಲೆಂಡಿನ ಟೋನಿ ಮೈಲ್ಸ್ 1980ರಲ್ಲಿ ಸ್ವೀಡನ್‌ನ ಸ್ಕಾರಾದಲ್ಲಿ ಆಗಿನ ವಿಶ್ವ ಚಾಂಪಿಯನ್ ಕಾರ್ಪೋವ್‌ರ 1.ಇ4ಗೆ ಎ6 ಅಂತ ಉತ್ತರ ಕೊಟ್ಟು, ಮುಂದೆ ಬಿ5 ತಳ್ಳಿ ಆ ಆಟ ಗೆದ್ದೇ ಬಿಟ್ರು. ಈ ಎ6 ಕೂಡ ಜಾಗ ಬಿಟ್ಟುಕೊಡೋ ಜಾತಿನೇ.

ಈ ಜಾತಿಗೆ ನಡೆ ಎಣಿಸೋ ಟೆಸ್ಟ್ ಉಪಯೋಗಕ್ಕೆ ಬರಲ್ಲ. ಇಲ್ಲಿ ನೋಡ್ಬೇಕಾದ್ದು ಪಾನ್ ಒಡೆಯೋ ಜಾಗ: ಎಂಜಿನ್ ನಿಮ್ಮ ಕಡೆಯಿಂದ ಸಿ5 ತಳ್ಳು ಅನ್ನತ್ತಾ ಎಫ್5 ಅನ್ನತ್ತಾ, ಯಾವಾಗ ಅನ್ನತ್ತೆ, ಎದುರಾಳಿ ಏನ್ ಮಾಡಿದ್ರೆ ಬೇಡ ಅನ್ನತ್ತೆ. ಎಂಜಿನ್ ವಿರುದ್ಧ ಎಂಜಿನ್ ಆಡಿಸೋದೂ ಇಂಥದ್ದಕ್ಕೇ ಸರಿ. ಕ್ಯೂಟ್‌ಚೆಸ್ ಅನ್ನೋ ಫ್ರೀ ಪ್ರೋಗ್ರಾಮಲ್ಲಿ ಪೊಸಿಷನ್ ಕೊಟ್ಟು ರಾತ್ರಿ ಪೂರ್ತಿ ಬಿಟ್ರೆ ಬೆಳಿಗ್ಗೆ ನೋಡೋಕೆ ಆಟಗಳಿರ್ತವೆ. ಒಂದೇ ಥ್ರೆಡ್, ಫಿಕ್ಸೆಡ್ ನೋಡ್ಸ್ ಇಟ್ರೆ ಅದೇ ಆಟ ಮತ್ತೆ ಮತ್ತೆ ಬರತ್ತೆ, ಅದಕ್ಕೆ ಟೈಮ್ ಕಂಟ್ರೋಲ್ ಇಡಿ ಅಥವಾ ಎರಡು ಮೂರು ನಡೆ ಮುಂದಿನ ಬೇರೆ ಬೇರೆ ಪೊಸಿಷನ್ ಕೊಡಿ. ಸ್ಟಾಫರ್ಡ್ ಥರ ಎರಡರ ಹತ್ರದ ಪ್ಲಸ್ ಇರೋದಕ್ಕೆ ಈ ಕರೆಂಟ್ ಖರ್ಚು ಮಾಡ್ಬೇಡಿ, ಬಿಳಿ ಗೆಲ್ಲತ್ತೆ ಅಂತ ಮೊದ್ಲೇ ಗೊತ್ತು.

ಬರ್ದಿಡೋದು, ಮತ್ತೆ ಒಂದು ಕಟ್ಟುನಿಟ್ಟಿನ ಮಾತು

ಎಲ್ಲಾನೂ ಲೀಚೆಸ್ ಸ್ಟಡಿಲಿ ಹಾಕಿ, ಒಂದು ಕವಲಿಗೆ ಒಂದು ಚಾಪ್ಟರ್. ನಂಬರ್ ಬರೀಬೇಡಿ, ಕಾರಣ ಬರೀರಿ, ನಿಮ್ಮ ಮಾತಲ್ಲೇ. ನನ್ನ ಸ್ಟಡಿಲಿ 6.ಒಂಟೆ ಇ2 ಪಕ್ಕ "ಜಿ4 ಹೋಯ್ತು, ಇನ್ನು ಎಫ್2 ಮೇಲೆ ಒಬ್ಬನೇ" ಅಂತಿದೆ. ಎಂಜಿನ್ ನಡೆಗೆ ಒಂದು ಸಾಲು ಕಾರಣ ಬರೆಯೋಕೆ ಆಗ್ಲಿಲ್ಲ ಅಂದ್ರೆ ಅದು ನಿಮಗೆ ಅರ್ಥ ಆಗಿಲ್ಲ, ಅರ್ಥ ಆಗದ ನಡೆ ಆಟದ ಮಧ್ಯೆ ನೆನಪಿಗೆ ಬರಲ್ಲ.

ಇದೆಲ್ಲ ಆಟ ಮುಗಿದ್ಮೇಲೆ ಅಥವಾ ಆಟಕ್ಕೆ ಮುಂಚೆ. ಆಟ ನಡೀತಿರೋವಾಗ ಇನ್ನೊಂದು ಟ್ಯಾಬಲ್ಲಿ ಎಂಜಿನ್ ತೆಗೆಯೋದು ಮೋಸ, ಒಂದೇ ಒಂದು ನಡೆಗೆ ಆದ್ರೂ. ಲೀಚೆಸ್‌ನ ಕರೆಸ್ಪಾಂಡೆನ್ಸ್ (ಒಂದೊಂದು ನಡೆಗೆ ದಿನಗಟ್ಟಲೆ ಟೈಮ್ ಇರೋ) ಆಟದಲ್ಲಿ ಓಪನಿಂಗ್ ಪುಸ್ತಕ, ಎಕ್ಸ್‌ಪ್ಲೋರರ್ ನೋಡೋಕೆ ಬಿಡ್ತಾರೆ, ಅಲ್ಲೂ ಎಂಜಿನ್ ಇಲ್ಲ. ಬೋರ್ಡ್ ಟೂರ್ನಮೆಂಟಲ್ಲಿ ಫೋನ್ ಜೇಬಲ್ಲಿ ಇಟ್ಕೊಂಡು ಕೂತ್ರೂ ಆಟ ಹೋಗ್ಬಹುದು. ಮಕ್ಕಳಿಗೆ ಇದನ್ನ ಕಲಿಸೋರು ದಯವಿಟ್ಟು ಮೊದಲ ದಿನವೇ ಇದನ್ನ ಹೇಳಿ.

ಸ್ಟಾಫರ್ಡನ್ನ ನಾನು ಮೂರು ನಿಮಿಷದ ಆಟಕ್ಕೆ ಮಾತ್ರ ಇಟ್ಕೊಂಡಿದ್ದೀನಿ. ಟೂರ್ನಮೆಂಟಿಗೆ ಈಗ ಬಿಳಿಲಿ 1.ಬಿ4 ಟೆಸ್ಟ್ ಮಾಡ್ತಿದ್ದೀನಿ, 1...ಇ5 2.ಒಂಟೆ ಬಿ2, ಕಪ್ಪು ಒಂಟೆಯಿಂದ ಬಿ4 ಹೊಡೆದ್ರೆ ನಾನು ಇ5 ಹೊಡಿತೀನಿ, 3...ಕುದುರೆ ಎಫ್6. ಕಪ್ಪಿಗೆ ಚೂರು ಪ್ಲಸ್, ಐದೂ ಲೈನ್ ಹತ್ತಿರ ಹತ್ತಿರ, ನಂಗೆ ಸೆಂಟರಲ್ಲಿ ಒಂದು ಪಾನ್ ಜಾಸ್ತಿ, ಅವರಿಗೆ ಡೆವಲಪ್‌ಮೆಂಟ್ ಮುಂದೆ. ಮಾಯಾ ಹತ್ರ ಹದಿನಾಲ್ಕು ಆಟ ಆಗಿದೆ, ಇನ್ನು ಆರು ಬಾಕಿ.